ಆಚೆ ದಂಡೆಯಿಂದ ತುಣುಕು ತುಣುಕಾಗಿ

ಆಚೆ ದಂಡೆಯಲ್ಲಿ ಉಳ್ಳಾಗಡ್ಡಿಯ ದರ ಇಳಿದರೆ ಈಚೆ ದಂಡೆಯ ನಮಗೆ ಕೂಡಲೇ ತಿಳಿಯುತ್ತದೆ. ಆಚೆ ದಂಡೆಯಲ್ಲಿ ಯಾರಾದರೂ ತೀರಿಕೊಂಡರೆ ತಿಳಿಯಲು ತಿಂಗಳುಗಳೇ ಬೇಕು. ನಮ್ಮೂರನ್ನು ಎರಡು ಹೋಳು ಮಾಡಿ ಹರಿಯುವ ಹೊಳೆಯ ಗುಣ ಅದು. ಹಗುರ ಮಾತು ಅದರ ಮೇಲೆ ಬೆಳ್ಳಕ್ಕಿಯ ಹಾಗೆ ಹಾರಿ ಬರುತ್ತದೆ. ಭಾರದ ಮಾತು ಮುಳುಗುತ್ತ ಏಳುತ್ತ, ಕೆಸರಿನಲ್ಲಿ ಕಾಲೆಳೆಯುತ್ತ ಬರುತ್ತದೆ. ಕೂಗಿ ಹೇಳಿದರೂ ಅಷ್ಟೆ, ಫೋನಿನಲ್ಲಿ ಹೇಳಿದರೂ ಅಷ್ಟೆ. ಬರೆದು ದೋಣಿಯಲ್ಲಿ ಕಳಿಸೋಣವೆಂದರೆ ದೋಣಿಯೇ ನಡುಹೊಳೆಯಲ್ಲಿ ನಿಂತುಬಿಡುತ್ತದೆ. ಖುದ್ದಾಗಿ ಹೋಗಿ ಕೇಳಿಕೊಂಡು ಬರುವವರ ಗತಿಯೂ ಅದೇ. ನಮ್ಮ ಓಣಿಯ ಗುರುಬಸಪ್ಪ ಆಚೆಗೆ ಹೋಗಿ, ಅಳಿಯನ ಬಗ್ಗೆ ಏನೋ ಕೇಳಬಾರದ್ದನ್ನು ಕೇಳಿ, ಹೊಟ್ಟೆಯಲ್ಲಿಟ್ಟುಕೊಂಡು ದೋಣಿ ಹತ್ತಿದ. ನೀರು ದೋಣಿಯ ಅಂಚಿನ ಹತ್ತಿರಕ್ಕೆ ಬಂತು, ದೋಣಿ ಕದಲಲಿಲ್ಲ. ಅವನ ಹೆಂಡತಿ ಈಜು ಬಲ್ಲವರ ಕೈಯಲ್ಲಿ ದಿನಾ ಬುತ್ತಿ ಕಳಿಸಿದಳು. ಪಾಪದ ಅಂಬಿಗನಿಗೂ ಸೇರಿಸಿಯೇ ಕಳಿಸಿದಳು ಅನ್ನಿ. ಅಂದಿನಿಂದ ಅಂಬಿಗರು ಆಚೆಯಿಂದ ಬರುವವರ ಮುಖ ನೋಡಿ ಹತ್ತಿಸಿಕೊಳ್ಳುತ್ತಾರೆ. ಮುಖ ಸಪ್ಪಗಿದ್ದರೆ, ಮುಂದಿನ ದೋಣಿಗೆ ಬಾ ಎನ್ನುತ್ತಾರೆ.

ಇದಕ್ಕೆ ನಾವು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸುಳ್ಳಿಗೆ ತೂಕವೇ ಇಲ್ಲವಾದ್ದರಿಂದ ಆಚೆಯ ಗಾಳಿಮಾತು ಹೊರಡುವ ಮೊದಲೇ ಬಂದು ಮುಟ್ಟುತ್ತದೆ ಎಂದು ನಮ್ಮನ್ನು ನಾವೇ ಆಡಿಕೊಳ್ಳುತ್ತೇವೆ. ಬೆಲ್ಲದಂಗಡಿಯ ಅಣ್ಣತಮ್ಮಂದಿರಲ್ಲಿ ಆಚೆಯವನು ಹೇಳಿ ಕಳಿಸಿದ 'ತಪ್ಪಾತು' ಈಚೆಗೆ ಬರುವಷ್ಟರಲ್ಲಿ ಇಬ್ಬರೂ ಎದುರಾಬದುರು ಕೂತು ರಾಜಿಯಾಗಿ, ಮತ್ತೆ ಹೊಸ ಜಗಳಕ್ಕೆ ಬಿದ್ದಿದ್ದರು. ನಮ್ಮ ಹಿರಿಯರು ಕಟ್ಟುಪಾಡು ಮಾಡಿಟ್ಟಿದ್ದಾರೆ. ಒಂದು ಮಾತು ಹೊಳೆಯಲ್ಲಿರುವಾಗ ಅದನ್ನೇ ಇನ್ನೊಮ್ಮೆ ಆಡಬಾರದು. ಎರಡನೆಯದು ಮೊದಲನೆಯದರ ಬೆನ್ನೇರಿ ಎರಡೂ ಮುಳುಗುತ್ತವೆ. ಭಾರದ ಮಾತನ್ನು ಒಂದೇ ಉಸಿರಿಗೆ ಇಡಿಯಾಗಿ ಆಡಬೇಕು. ತುಣುಕು ಮಾಡಿ ಆಡುವುದು ಮಾತಿಗೆ ಮಾಡುವ ಅವಮಾನ. ಏಕೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಾನು ನೀಲಗಂಗಾ, ಈಚೆ ದಂಡೆಯ ಸಣ್ಣ ಆಸ್ಪತ್ರೆಯ ನರ್ಸ್. ಪರೀಕ್ಷೆಯ ದೊಡ್ಡ ಯಂತ್ರಗಳೂ ದೊಡ್ಡ ಡಾಕ್ಟರರೂ ಇರುವುದು ಆಚೆಯ ಆಸ್ಪತ್ರೆಯಲ್ಲಿ. ರಕ್ತವನ್ನೋ ಕಫವನ್ನೋ ಡಬ್ಬಿಯಲ್ಲಿಟ್ಟು ದೋಣಿಯಲ್ಲಿ ಕಳಿಸುತ್ತೇವೆ, ಅದಕ್ಕೇನೂ ತೊಂದರೆಯಿಲ್ಲ. ತೊಂದರೆ ಇರುವುದು ತಿರುಗಿ ಬರುವ ಮಾತಿಗೆ. ಜ್ವರ, ಜಂತು, ರಕ್ತ ಕಡಿಮೆ, ಇಂಥ ವರದಿಗಳು ಅವರು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಕಿವಿಗೆ ಬಿದ್ದಿರುತ್ತವೆ. ವರದಿ ಬರಲಿಲ್ಲವೆಂದರೆ ಅದೇ ವರದಿ. ಬಾರದ ವರದಿಯವರ ಮನೆಯ ಮುಂದೆ ಜನ ದನಿ ತಗ್ಗಿಸಿ ನಡೆಯುತ್ತಾರೆ.

ಆ ಬೇಸಿಗೆಯಲ್ಲಿ ಬಾರದೆ ಉಳಿದದ್ದು ಸಂಗವ್ವನ ವರದಿ. ಸಂಗವ್ವ ಆಸ್ಪತ್ರೆಯ ಎದುರಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಅವಳ ಅಂಗೈಯ ಸಪ್ಪಳ ನಮ್ಮ ವಾರ್ಡಿನ ಒಳಗೆ ಕೇಳುತ್ತದೆ; ಎಷ್ಟೋ ರೋಗಿಗಳು ಅದನ್ನು ಕೇಳಿಯೇ ಹಸಿವಾಯಿತು ಎಂದು ಎದ್ದು ಕೂತದ್ದನ್ನು ಕಂಡಿದ್ದೇನೆ. ಅವಳ ಎದೆಯಲ್ಲೊಂದು ಗಂಟು ಸಿಕ್ಕಿತು. ಚೂರು ತೆಗೆದು ಆಚೆಗೆ ಕಳಿಸಿದೆವು. ಆಮೇಲೆ ಸದ್ದಿಲ್ಲ. ಅವಳ ಗಂಡ ಹೊನ್ನಪ್ಪ ನಮ್ಮ ಆಸ್ಪತ್ರೆಯಲ್ಲೇ ಅಟೆಂಡರ್. ಸ್ಟ್ರೆಚರ್ ತಳ್ಳುವಾಗಲೂ ಹಾಡಿಕೊಳ್ಳುತ್ತಿದ್ದ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡ. ದಿನ ಕಳೆದಂತೆ ಸಂಗವ್ವನ ಬಲಗೈ ಸೋತು, ರೊಟ್ಟಿಯ ಸಪ್ಪಳವೂ ನಿಂತಿತು. ಅವಳು ಬರೀ ಹಿಟ್ಟು ನಾದಿಕೊಟ್ಟು, ಬೇರೆಯವರು ಬಡಿಯುವುದನ್ನು ನೋಡುತ್ತ ಕೂರುತ್ತಿದ್ದಳು.

"ಆಚೆಗೆ ಹೋಗಿ ಕೇಳಿ ಬಾ, ಇಲ್ಲಾ ಆಕಿನ್ನ ಕರಕೊಂಡು ಹೋಗಿ ಅಲ್ಲೇ ಇರು," ಎಂದು ನಾನು ಹೊನ್ನಪ್ಪನಿಗೆ ಹೇಳಿ ಹೇಳಿ ಸಾಕಾಗಿತ್ತು.

"ಬರ್ತೈತ್ರಿ ಸಿಸ್ಟರ. ಹೊಳ್ಯಾಗ ಐತಿ, ಬರ್ತೈತಿ," ಎನ್ನುತ್ತಿದ್ದ, ನನ್ನ ಮುಖ ನೋಡದೆ.

ಅಷ್ಟರಲ್ಲಿ ಎರಡೂ ಆಸ್ಪತ್ರೆಗಳನ್ನು ಜೋಡಿಸುವ ಸರ್ವರ್ ಬಂತು. ಹೊಳೆಯ ತಳದಲ್ಲಿ ಕೇಬಲ್ ಎಳೆದಾಗಿತ್ತು. ಯಂತ್ರ ಕೂರಿಸಲು ದೂರದ ಊರಿನಿಂದ ತಸ್ಲೀಮಾ ಎಂಬ ಹುಡುಗಿ ಬಂದಳು. ಹುಡುಗಿ ಎಂದರೆ ಮೂವತ್ತು ದಾಟಿದವಳೇ. ನನ್ನ ವಯಸ್ಸಿಗೆ ಎಲ್ಲರೂ ಹುಡುಗಿಯರು. ಬಟ್ಟೆಬರೆ ಇಡುತ್ತಿದ್ದ ಮೂಲೆಯ ಕೋಣೆಯನ್ನು ಅವಳಿಗೆ ಬಿಡಿಸಿಕೊಟ್ಟೆವು. ಯಂತ್ರ ಬರುವಾಗ ಬರೀ ಮೈಯಾಗಿ ಬರುತ್ತದೆ, ಅದರೊಳಗೆ ಅದನ್ನು ನಡೆಸುವ ವ್ಯವಸ್ಥೆಯನ್ನು ತುಂಬಬೇಕು, ಸ್ವಲ್ಪ ಭಾಗ ತಾನು ತಂದಿದ್ದೇನೆ, ಉಳಿದದ್ದನ್ನು ಆಚೆಯ ಆಸ್ಪತ್ರೆಯ ಯಂತ್ರದಿಂದ ಅದು ತಾನೇ ಕೇಳಿ ತರಿಸಿಕೊಳ್ಳುತ್ತದೆ ಎಂದು ವಿವರಿಸಿದಳು. "ಮಧ್ಯಾಹ್ನದೊಳಗೆ ಮುಗೀತು ಅಂದ್ಕೊಳ್ಳಿ ಮೇಡಂ," ಎಂದಳು. ಹೊಳೆಯ ವಿಷಯ ಅವಳಿಗೆ ಯಾರೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ನೀರು ಒದ್ದೆಯಾಗಿರುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಾರೆಯೇ?

ಮಧ್ಯಾಹ್ನವಾಯಿತು, ಮರುದಿನದ ಮಧ್ಯಾಹ್ನವೂ ಆಯಿತು. ಇನ್‌ಸ್ಟಾಲ್ ಅರ್ಧಕ್ಕೆ ಬಂದು, ನೆಟ್‌ವರ್ಕ್ ಸಿಗುತ್ತಿಲ್ಲ ಎಂದು ಸ್ಕ್ರೀನು ಕೆಂಪಾಗುತ್ತಿತ್ತು. ತಸ್ಲೀಮಾ ಕೇಬಲ್ ಬದಲಿಸಿದಳು. ಅದನ್ನು ಚುಚ್ಚುವ ಕಿಂಡಿ ಬದಲಿಸಿದಳು. ಯಂತ್ರಕ್ಕೆ ತಾನಾಗಿ ಸಿಗಬೇಕಿದ್ದ ವಿಳಾಸವನ್ನು ಕೈಯಾರೆ ಬರೆದು ಕೊಟ್ಟಳು. ಯಂತ್ರದ ಗಡಿಯಾರ ಹಿಂದೆ ಬಿದ್ದಿದ್ದರೆ ಆಚೆಯದು ಮುನಿಸಿಕೊಳ್ಳುತ್ತದೆಯಂತೆ, ಅದನ್ನೂ ಸರಿಮಾಡಿದಳು. ಕೇಬಲ್ಲಿನ ಬುಡದಲ್ಲಿ ಒಂದು ಹಸಿರು ದೀಪ ಮಿಣುಕುತ್ತಿರಬೇಕು, ಅದು ಇದ್ದರೆ ತಂತಿ ಕೂಡಿದೆ ಎಂದರ್ಥ. ಅವಳು ಎದುರಿಗೆ ಕೂತಿರುವಾಗ ಅದು ಪಾಪದ ಮಗುವಿನಂತೆ ಮಿಣುಕುತ್ತಿತ್ತು. ಅವಳು ಚಹಾಕ್ಕೆಂದು ಎದ್ದು ಹೋಗಿ ಬರುವಷ್ಟರಲ್ಲಿ ಆರಿರುತ್ತಿತ್ತು.

"ಮೇಡಂ, ಇಲ್ಲಿ ಇಲಿ ಇದೆಯಾ?" ಎಂದು ಕೇಳಿದಳು.

ಇಲಿ ಇತ್ತು. ನಾನು ಬಾಗಿಲ ಹಿಂದೆ ನಿಂತು ನೋಡಿದೆ. ತಸ್ಲೀಮಾ ಚಹಾಕ್ಕೆಂದು ಹೊರಗೆ ಹೋದಳು. ಕಸಬರಿಗೆ ಹಿಡಿದು ಹೊನ್ನಪ್ಪ ಒಳಗೆ ಬಂದ. ಸ್ಕ್ರೀನಿನ ಮೇಲೆ ಯಂತ್ರ ಆಚೆಯದನ್ನು ಏನೋ ಕೇಳಿತು, ಉತ್ತರ ಬರಲಿಲ್ಲ. ಸ್ವಲ್ಪ ತಡೆದು ಅದನ್ನೇ ಮತ್ತೆ ಕೇಳತೊಡಗಿತು. ಹೊನ್ನಪ್ಪ ಬಗ್ಗಿ, ಮೆಲ್ಲಗೆ, ಮಲಗಿದವರ ಕೈಯಿಂದ ಸಲಾಯಿನ್ ಸೂಜಿ ತೆಗೆಯುವಷ್ಟು ಜೋಪಾನವಾಗಿ ಕೇಬಲ್ ಕಿತ್ತ.

"ಹೊನ್ನಪ್ಪಾ!" ಎಂದೆ.

ಬೆಚ್ಚಿಬಿದ್ದರೂ ಅವನಿಗೆ ತಪ್ಪು ಮಾಡಿದೆನೆಂದು ಅನ್ನಿಸಿದಂತಿರಲಿಲ್ಲ. "ನೋಡ್ರಿ ಸಿಸ್ಟರ, ಇದಕ್ಕ ಸ್ವಲ್ಪನೂ ರೀತಿ ಇಲ್ಲ. ಒಮ್ಮೆ ಕೇಳಿದ ಮ್ಯಾಲ ಉತ್ರ ಬರೂತನಾ ತಡೀಬೇಕಿಲ್ಲೋ? ಕೇಳಿದ್ದನ್ನ ಕೇಳ್ತೈತಿ. ಮೊದಲಿಂದು ಮುಳುಗಿ ಹೋಗಬಾರದಂತ ನಾನ ಬಾಯಿ ಮುಚ್ಚಿಸ್ತೀನಿ."

ಬಾಗಿಲಿಗೆ ಬಂದ ತಸ್ಲೀಮಾ ಇದನ್ನು ಕೇಳಿಸಿಕೊಂಡಳು. ಎರಡು ದಿನ ಅನ್ನ ನೀರು ಬಿಟ್ಟು ಹುಡುಕಿದ ದೋಷ ಒಬ್ಬ ಮನುಷ್ಯನ ಮರ್ಯಾದೆಯಾಗಿತ್ತು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅದರ ಸ್ವಭಾವವೇ ಅದು ಅಣ್ಣ, ಮತ್ತೆ ಮತ್ತೆ ಕೇಳಲೇಬೇಕು," ಎಂದು ಸಮಾಧಾನದಿಂದಲೇ ಹೇಳಿ ಕೇಬಲ್ಲಿಗೆ ಕೈಚಾಚಿದಳು. ಹೊನ್ನಪ್ಪ ಕೊಡಲಿಲ್ಲ. ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ನಿಂತ. ಆಗ ನನಗೆ ಹೊಳೆಯಿತು, ಇದು ರೀತಿಯ ಪ್ರಶ್ನೆಯೊಂದೇ ಅಲ್ಲ.

"ಯಾಕ ಹೊನ್ನಪ್ಪ?"

"ಇದು ಕೂಡಿತಂದ್ರ ತಡೆದಿದ್ದ ವರದಿ ಎಲ್ಲಾ ಬರ್ತಾವಂತಲ್ರೀ. ಬರೂತನಾ ಆಕಿ ಚಲೋ ಅದಾಳ್ರಿ. ಬರೂತನಾ ಆಕಿಗೆ ಏನೂ ಆಗಿಲ್ಲ." ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿದ.

ಸಂಗವ್ವ ಗಂಡನ ಬುತ್ತಿ ಹಿಡಿದುಕೊಂಡು ಯಾವಾಗ ಬಂದಳೋ ನಾವು ನೋಡಿರಲಿಲ್ಲ. ಬುತ್ತಿಯನ್ನು ಕಿಟಕಿಯಲ್ಲಿಟ್ಟಳು. ಗಂಡನ ಮುಷ್ಟಿಯ ಒಂದೊಂದೇ ಬೆರಳು ಬಿಡಿಸಿದಳು, ಎಡಗೈಯಿಂದ.

"ಅದು ನನ್ನ ಮಾತರೀ," ಎಂದಳು. "ನನಗ ಬರಬೇಕಾದ ಮಾತು. ಎಷ್ಟು ಭಾರ ಇದ್ದರೂ ಹೊರಾಕಿ ನಾನು. ನೀವ್ಯಾಕ ನಡುವ ನಿಂದ್ರತೀರಿ?" ಎಂದವಳೇ ಕೇಬಲ್ ತುದಿಯನ್ನು ತಸ್ಲೀಮಾಳ ಕಡೆ ಚಾಚಿದಳು. "ಎಲ್ಲಿ ಚುಚ್ಚಬೇಕವ್ವಾ, ತೋರಿಸು." ತಸ್ಲೀಮಾ ತೋರಿಸಿದಳು. ಸಂಗವ್ವ ಚುಚ್ಚಿದಳು. ಹಸಿರು ದೀಪ ಹತ್ತಿತು.

ಹತ್ತಿದ್ದು ಆರಲಿಲ್ಲ, ಆದರೂ ಕೆಲಸ ಆಗಲಿಲ್ಲ. ಇನ್‌ಸ್ಟಾಲ್ ಅದೇ ಜಾಗಕ್ಕೆ ಬಂದು ಮತ್ತೆ ನಿಂತಿತು. ತಸ್ಲೀಮಾ ತನ್ನ ಲ್ಯಾಪ್‌ಟಾಪಿನಲ್ಲಿ ಎರಡೂ ಯಂತ್ರಗಳ ಮಾತುಕತೆಯನ್ನು ಕದ್ದು ಕೇಳಿ ನಮಗೂ ಬಿಡಿಸಿ ಹೇಳಿದಳು. ನಮ್ಮದು 'ಇದ್ದೀಯಾ?' ಎನ್ನುತ್ತದೆ. ಆಚೆಯದು ರೆಪ್ಪೆ ಬಡಿಯುವುದರೊಳಗೆ 'ಇದ್ದೇನೆ' ಎನ್ನುತ್ತದೆ. ನಮ್ಮದು 'ನಿನ್ನನ್ನು ಹೇಗೆ ನಂಬಲಿ, ಗುರುತು ತೋರಿಸು' ಎನ್ನುತ್ತದೆ. ಅಲ್ಲಿಂದ ಮುಂದೆ ಸದ್ದಿಲ್ಲ.

"ವಿಚಿತ್ರ ಮೇಡಂ. ಬರೀ ಸೊನ್ನೆ ತುಂಬಿ ಕಳಿಸೋಕೆ ಹೇಳಿದ್ರೆ ಬೆಟ್ಟದಷ್ಟು ದೊಡ್ಡದೂ ಬರುತ್ತೆ. ಗುರುತು ಕಳಿಸು ಅಂದ್ರೆ ಇಷ್ಟೇ ಇಷ್ಟು, ಅದು ಬರ್ತಾ ಇಲ್ಲ. ಇಷ್ಟು ವರ್ಷದಲ್ಲಿ ಹೀಗೆ ನೋಡಿಲ್ಲ."

ನಾನೂ ಸಂಗವ್ವನೂ ಮುಖ ಮುಖ ನೋಡಿಕೊಂಡೆವು. ಯಂತ್ರವಾದರೇನು, ನಂಬು ಎನ್ನುವ ಮಾತು ಭಾರದ್ದಲ್ಲವೇ? ಆಗ ನಾನು ತಸ್ಲೀಮಾಳಿಗೆ ಹೊಳೆಯ ವಿಷಯ ಹೇಳಿದೆ. ಹುಚ್ಚಿಯೆಂದು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಕಿಟಕಿಗೆ ಹೋಗಿ ಬಿಸಿಲಿನಲ್ಲಿ ತೆಪ್ಪಗೆ ಹರಿಯುತ್ತಿದ್ದ ಹೊಳೆಯನ್ನು ಬಹಳ ಹೊತ್ತು ನೋಡಿದಳು. ತಿರುಗಿ ಬಂದಾಗ ಅವಳ ದನಿ ತಗ್ಗಿತ್ತು.

"ಹಾಗಾದ್ರೆ ಕತ್ತರಿಸೋಣ. ಆಚೆಯಿಂದ ಬರೋದನ್ನೆಲ್ಲ ಸಣ್ಣ ಸಣ್ಣ ತುಣುಕು ಮಾಡಿ ಕಳಿಸೋ ಹಾಗೆ ಇಡ್ತೀನಿ."

"ತುಣುಕು ಮಾಡಬಾರದವ್ವಾ," ಎಂದ ಹೊನ್ನಪ್ಪ, ಗೋಡೆಯ ಕಡೆಯಿಂದಲೇ. "ಮಾತಿಗೆ ಅವಮಾನ ಅದು."

"ತುಣುಕಿನಲ್ಲಿ ಮಾತೇ ಇರಲ್ಲ ಅಣ್ಣ. ನಾಲ್ಕು ಅಕ್ಷರ ಇರುತ್ತೆ ಅಷ್ಟೆ, ಅದಕ್ಕೆ ತಾನು ಯಾವ ಮಾತಿಂದು ಅಂತಾನೂ ಗೊತ್ತಿರಲ್ಲ. ಇಲ್ಲಿಗೆ ಬಂದು ಸೇರಿದ ಮೇಲೇನೇ ಅದು ಮಾತಾಗೋದು. ದಾರಿಯಲ್ಲಿ ಭಾರ ಎಲ್ಲಿಂದ ಬರಬೇಕು?"

"ಮತ್ತ ಹಿಂದಿಂದು ಮುಂದ, ಮುಂದಿಂದು ಹಿಂದ ಬಂದ್ರ?" ಎಂದು ಕೇಳಿದವಳು ಸಂಗವ್ವ.

"ಪ್ರತಿ ತುಣುಕಿಗೂ ಅಂಕಿ ಹಾಕಿರುತ್ತೆ ಅಕ್ಕ. ಹೇಗೆ ಬಂದ್ರೂ ಅಂಕಿ ನೋಡಿ ಜೋಡಿಸ್ಕೊಳ್ಳುತ್ತೆ." ಸಂಗವ್ವ, ಹೊಸ ಅಡುಗೆಯ ಹದ ಕೇಳಿಸಿಕೊಂಡವಳ ಹಾಗೆ ತಲೆಯಾಡಿಸಿದಳು.

ತಸ್ಲೀಮಾ ಎರಡೂ ಕಡೆ ಹಾಗೆಯೇ ಹೊಂದಿಸಿ ಯಂತ್ರವನ್ನು ಮೊದಲಿನಿಂದ ಶುರು ಮಾಡಿದಳು. ಇದ್ದೀಯಾ, ಇದ್ದೇನೆ, ಗುರುತು ತೋರಿಸು. ಹಸಿರು ದೀಪ ಒಮ್ಮೆ ಮಿಣುಕಿತು, ಮತ್ತೊಮ್ಮೆ ಮಿಣುಕಿತು, ಆಮೇಲೆ ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟನೆ ಸಿಡಿಯತೊಡಗಿತು. ನಮ್ಮಜ್ಜ ಮುತ್ತಜ್ಜಂದಿರು ದಂಡೆಯಲ್ಲಿ ತಿಂಗಳುಗಟ್ಟಲೆ ಕಾದು ಪಡೆಯುತ್ತಿದ್ದ ಅಂಥ ಭಾರದ ಮಾತು, ನನ್ನ ಕಣ್ಣೆದುರು, ಹೊಳೆಯ ಹೊಟ್ಟೆಯೊಳಗಿನಿಂದ ಹಗುರ ಹಗುರಾಗಿ ಬರುತ್ತಿತ್ತು. ನಾನು ಕೈಮುಗಿದೆ. ಯಾರಿಗೆ ಎಂದು ಕೇಳಿದರೆ ಇಂದಿಗೂ ಹೇಳಲಾರೆ. ಯಂತ್ರಕ್ಕೋ, ಹೊಳೆಗೋ, ಆ ಹುಡುಗಿಗೋ.

ವ್ಯವಸ್ಥೆ ಕೂತು ಮುಗಿದ ಮೇಲೆ ತಸ್ಲೀಮಾ ಆಚೆಯ ಆಸ್ಪತ್ರೆಯವರಿಗೆ, ಕಳಿಸಿಯೂ ಮುಟ್ಟದಿದ್ದ ವರದಿಗಳನ್ನು ಈ ದಾರಿಯಿಂದ ಕಳಿಸಲು ಹೇಳಿದಳು. ಸಂಗವ್ವನದು ಬಂತು. ಓದುವ ಕೆಲಸ ನನ್ನದಾಯಿತು. ಗಂಟು ಕೆಟ್ಟದ್ದೇ. ಆದರೆ ಬೇಗ ಸಿಕ್ಕಿದೆ, ತಡಮಾಡದೆ ಆಚೆಗೆ ಕಳಿಸಿದರೆ ಪೂರ್ತಿ ಗುಣವಾಗುವ ಸಂಭವವಿದೆ ಎಂದಿತ್ತು. ತಡಮಾಡದೆ! ಆ ಮಾತು ಹೊಳೆಯ ಕೆಸರಿನಲ್ಲಿ ಕಾಲೆಳೆಯುತ್ತಿದ್ದಾಗ ಇಲ್ಲಿ ಒಬ್ಬ ಗಂಡಸು ಅದು ಬಾರದಿರಲಿ ಎಂದು ಬೇಡುತ್ತಿದ್ದ. ಹೊನ್ನಪ್ಪ ನೆಲಕ್ಕೆ ಕೂತು ಎರಡೂ ಕೈಯಿಂದ ಹಣೆ ಬಡಿದುಕೊಂಡ. "ಏಳ್ರಿ," ಎಂದಳು ಸಂಗವ್ವ. "ಹಣೀ ಬಡಕೊಂಡ್ರ ರೊಟ್ಟಿ ಆಗೂದಿಲ್ಲ. ದೋಣಿ ಎಷ್ಟೊತ್ತಿಗೆ ಐತಿ ನೋಡ್ರಿ."

ಸಂಗವ್ವ ಚಿಕಿತ್ಸೆಗೆ ಆಚೆಗೆ ಒಬ್ಬಳೇ ಹೋದಳು. ಹೊನ್ನಪ್ಪ ಬರುತ್ತೇನೆಂದರೆ, ನಿಮ್ಮ ಮುಖ ನೋಡಿದ್ರ ಅಂಬಿಗ ಹತ್ತಿಸ್ಕೊಳ್ಳೂದಿಲ್ಲ ಎಂದು ನಗಿಸಿ ಹೋದಳು. ತಸ್ಲೀಮಾ ತನ್ನ ಊರಿಗೆ ಹೋದಳು. ಊರಿನ ಜನ ಮಾತ್ರ ತಮ್ಮ ಹಳೆಯ ಲೆಕ್ಕವನ್ನೇ ಹಿಡಿದುಕೊಂಡರು: ನೋಡಿದಿರಾ, ವರದಿ ತಡವಾಗಿತ್ತು, ರೋಗ ಇತ್ತಲ್ಲ? ದುಃಖಕ್ಕಲ್ಲದೆ ಇನ್ನಾವುದಕ್ಕೆ ತೂಕ?

ಮಳೆಗಾಲ ಹಿಂದಾಗಿ, ಹೊಲಗಳಲ್ಲಿ ಜೋಳ ಮೊಣಕಾಲೆತ್ತರ ನಿಂತಿದ್ದ ಒಂದು ಮುಂಜಾನೆ, ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಆಸ್ಪತ್ರೆಗೆ ಓಡಿಬಂದಳು. "ಸಂಗಕ್ಕ ಬರಾಕತ್ತಾಳ್ರಿ! ಆದ್ರ ದೋಣಿ..." ಎಂದು ನಿಲ್ಲಿಸಿದಳು. ಹೊನ್ನಪ್ಪನೂ ನಾನೂ ಓಡಿದೆವು. ದೋಣಿ ನಡುಹೊಳೆಯಲ್ಲಿ ನಿಂತಿತ್ತು. ನೀರು ಅಂಚಿಗೆ ಅಂಟಿಕೊಂಡಿತ್ತು. ಅಂಬಿಗ ಹುಟ್ಟು ಹಾಕಿ ಹಾಕಿ ಸೋತು ಕೂತಿದ್ದ. ಈ ನಲವತ್ತು ವರ್ಷಗಳಲ್ಲಿ ಅಷ್ಟು ಆಳಕ್ಕಿಳಿದ ದೋಣಿಯನ್ನು ನಾನು ಕಂಡಿರಲಿಲ್ಲ, ಗುರುಬಸಪ್ಪನದೂ ಅಷ್ಟು ಇಳಿದಿರಲಿಲ್ಲ. ಅದರಲ್ಲಿ ಸಂಗವ್ವ ಒಬ್ಬಳೇ ನಿಂತಿದ್ದಳು.

ದಂಡೆ ತುಂಬ ಜನ ಸೇರಿದರು. ಯಾರೋ ಬಿಕ್ಕಿದರು, ಅದನ್ನು ಕೇಳಿ ಇನ್ನೊಬ್ಬರು ಬಿಕ್ಕಿದರು. ಅಷ್ಟು ತೂಕದ ಮಾತು ಹೊತ್ತು ಬಂದಿದ್ದಾಳೆಂದರೆ ಇನ್ನೇನಿರುತ್ತದೆ? ಹೊನ್ನಪ್ಪ ಅಳಲಿಲ್ಲ. ಮೊಣಕಾಲು ಮುಳುಗುವಷ್ಟು ನೀರಿಗಿಳಿದು ನಿಂತ.

ಸಂಗವ್ವ ಎರಡೂ ಕೈಗಳನ್ನು ಬಾಯಿಗೆ ಹಿಡಿದು ಕೂಗಿದಳು. "ಒಂದು! ಹಿಟ್ಟು!"

ಜನಕ್ಕೆ ಏನೂ ಅರ್ಥವಾಗಲಿಲ್ಲ. ಪಾಪ, ತಲೆ ಕೆಟ್ಟಿದೆ ಎಂದರು. ನಾನು ದೋಣಿಯನ್ನೇ ನೋಡುತ್ತಿದ್ದೆ. ಅದು ಬೆರಳಿನಷ್ಟು ಮೇಲೆದ್ದಿತ್ತು.

"ಎರಡು! ನಾದಿ!"

ದೋಣಿ ಅಲುಗಿತು. ಅಂಬಿಗ ಧಡಕ್ಕನೆ ಎದ್ದು ಹುಟ್ಟು ಹಿಡಿದ.

"ಮೂರು! ಇಡ್ರಿ!"

ಹೊನ್ನಪ್ಪ ಬೆರಳು ಮಡಿಸುತ್ತಿದ್ದ. ಅವನ ತುಟಿ ಅಲುಗುತ್ತಿತ್ತು. ಒಂದೊಂದು ತುಣುಕು ಇಳಿದಂತೆ ದೋಣಿಯ ಮೈ ನೀರಿನಿಂದ ಹೊರಬರುತ್ತಿತ್ತು, ಒದ್ದೆ ಹಲಗೆಗಳ ಮೇಲೆ ಬಿಸಿಲು ಹೊಳೆಯುತ್ತಿತ್ತು. ಅತ್ತು ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಎದ್ದು ನಿಂತರು. ನಡುವೆ ಗಾಳಿ ಬೀಸಿ ಐದನೆಯದು ನಾಲ್ಕನೆಯದಕ್ಕಿಂತ ಮೊದಲು ಬಂತು. "ಐದು, ನಾನ," ಎಂದುಕೊಂಡ ಹೊನ್ನಪ್ಪ ಒಂದು ಬೆರಳನ್ನು ಖಾಲಿ ಬಿಟ್ಟು ಕಾದ. "ನಾಕು, ರೊಟ್ಟಿ," ಬಂದ ಮೇಲೆ ಅದನ್ನೂ ಮಡಿಸಿದ.

"ಆರು! ಬಡೀತೀನಿ!"

ಹಿಟ್ಟು ನಾದಿ ಇಡ್ರಿ, ರೊಟ್ಟಿ ನಾನ ಬಡೀತೀನಿ. ಇಷ್ಟೇ. ಇಡೀ ಊರು ಬಾಯಿಬಿಟ್ಟುಕೊಂಡು ನಿಂತಿತ್ತು. ದುಃಖಕ್ಕಿಂತ ಹೆಚ್ಚು ತೂಗುವ ವಸ್ತು ಈ ಲೋಕದಲ್ಲಿ ಇದೆಯೆಂದೂ, ಅದು ನಮ್ಮ ಹೊಳೆಯಲ್ಲಿ ಹಿಂದೆಯೂ ಎಷ್ಟೋ ಸಲ ಮುಳುಗುತ್ತ ಏಳುತ್ತ ಬಂದಿರಬಹುದೆಂದೂ, ನಾವು ಪ್ರತಿ ಸಲವೂ ಅದಕ್ಕಾಗಿ ಮುಂಚಿತವಾಗಿ ಅತ್ತುಬಿಟ್ಟಿರಬಹುದೆಂದೂ ನನಗೆ ಅಂದು ತಿಳಿಯಿತು. ಕಣ್ಣೀರು ತಾನಾಗಿ ಇಳಿಯುತ್ತಿತ್ತು, ನಾನು ಒರೆಸಿಕೊಳ್ಳಲಿಲ್ಲ.

ಹೊನ್ನಪ್ಪ ನೀರಿನಿಂದ ಎದ್ದ. ದೋಣಿ ಈಗ ಬೆಳ್ಳಕ್ಕಿಯ ಹಾಗೆ ತೇಲಿ ಬರುತ್ತಿತ್ತು, ಆದರೆ ಅವನು ಅದರ ಕಡೆ ನೋಡಲಿಲ್ಲ. ಒದ್ದೆ ಧೋತರ ಮೇಲೆ ಕಟ್ಟಿಕೊಂಡು ಊರ ಕಡೆ ಓಡತೊಡಗಿದ.

ದಂಡೆಗೆ ಇಳಿದ ಸಂಗವ್ವ ಸುತ್ತಲೂ ನೋಡಿದಳು. ಅವಳ ಮುಖ ದೀಪದ ಹಾಗಿತ್ತು; ಅಂಬಿಗ ಅದನ್ನು ನೋಡಿಯೇ ಧೈರ್ಯವಾಗಿ ಹತ್ತಿಸಿಕೊಂಡಿದ್ದನಂತೆ. ಗುಣವಾಯಿತೆಂಬ ಈ ಮಾತನ್ನು ಮಿಷನ್ನಿನಲ್ಲಿ ಕಳಿಸಬೇಡಿ, ನಾನೇ ಒಯ್ಯುತ್ತೇನೆ ಎಂದು ಡಾಕ್ಟರರಿಗೆ ಹಟ ಮಾಡಿ ಬಂದಿದ್ದಳಂತೆ.

"ಎಲ್ಲಿ ಅದಾರ ನಮ್ಮವರು?" ಎಂದು ನನ್ನನ್ನು ಕೇಳಿದಳು.

ನಾನು ಖಾನಾವಳಿಯ ಕಡೆ ಕೈ ತೋರಿಸಿದೆ. ಅದರ ಹಂಚಿನ ಸಂದಿಯಿಂದ ಆಗತಾನೆ ಹೊಗೆ ಏಳುತ್ತಿತ್ತು.

"ಮಾತು ಮುಟ್ಟೇತಿ ಹಂಗಾರ," ಎಂದಳು ಸಂಗವ್ವ.